ಮಾಮುವಿನ ಜಿಪಿಎಸ್ಸೂ ಅಲ್ಲಾಉದ್ದೀನ್ ಸಾಹೇಬರ ದಾವತ್ತೂ

ನಮ್ಮ ಅಬ್ದುಲ್ ವಹೀದ್ ಮಾಮು ಮಾನ್ವಿಯ ಒಂದು ದಾವತ್ತಿನ ಊಟಕ್ಕೆ ಬೇಳೆ-ಮಾಂಸದ ದಾಲ್ಚಾ ಮುಟ್ಟಿಸಿದಾಗ, ಬಂದವರು ಬರೀ ಬಗಾರಾ ಅನ್ನ ತಿಂದು, ಕೈ ತೊಳೆದು, ಪಾನ್ ಜಗಿಯುತ್ತ ಚಪ್ಪಲಿ ಹುಡುಕುತ್ತಿದ್ದರು. ಅನ್ನದ ಗಾಡಿ ಮೊದಲೇ ಹೋಗಿತ್ತು. ದಾಲ್ಚಾದ ಗಾಡಿಯನ್ನು ಮಾಮು ತಾವೇ ಓಡಿಸಿದ್ದರು. ಮಾನ್ವಿಯಲ್ಲಿರುವ ಎಲ್ಲಾ ಫಂಕ್ಷನ್ ಹಾಲುಗಳನ್ನೂ, ಎರಡು ಅಕ್ಕಿ ಗಿರಣಿಗಳನ್ನೂ, ಒಂದು ಸರ್ಕಾರಿ ಗೋದಾಮನ್ನೂ ಅವರು ಆವತ್ತು ನೋಡಿದ್ದರು. ನೋಡಬೇಕಾಗಿದ್ದ ಹಾಲು ಮಾತ್ರ ಉಳಿದುಬಿಟ್ಟಿತ್ತು.

ಮಾಮು ರಾಯಚೂರಿನ ಅಂದ್ರೂನ್ ಕಿಲ್ಲಾದಲ್ಲಿ ದಾವತ್ತುಗಳ ಅಡುಗೆ ಹಿಡಿಯುತ್ತಾರೆ. ಅವರ ಬಿರಿಯಾನಿಯ ಬಗ್ಗೆ ಇಡೀ ಜಿಲ್ಲೆಯಲ್ಲಿ ಎರಡು ಮಾತಿಲ್ಲ. ಅವರ ದಿಕ್ಕಿನ ಜ್ಞಾನದ ಬಗ್ಗೆಯೂ ಇಲ್ಲ. ಮೂರು ಓಣಿ ದಾಟಿದರೆ ಸಾಕು, ಪೂರ್ವ ಯಾವುದು ಪಶ್ಚಿಮ ಯಾವುದು ಎನ್ನುವುದು ಅವರಿಗೆ ಅಭಿಪ್ರಾಯಭೇದದ ಪ್ರಶ್ನೆಯಾಗುತ್ತದೆ. ಯಾರನ್ನಾದರೂ ಕೇಳಬಹುದಲ್ಲ ಎಂದರೆ ಕೇಳುವುದಿಲ್ಲ. ಅದಕ್ಕೆ ಅವರ ಹತ್ತಿರ ಕಾರಣವಿದೆ.

"ಬಿರಿಯಾನಿ ದೇಗು ಇಟ್ಕೊಂಡು ದಾರಿ ಕೇಳಿ ನೋಡು. ಮೊದಲ ದೇಗಿನ ಮುಚ್ಚಳ ನೋಡ್ತಾರ, ಆಮ್ಯಾಲೆ ಯಾರ ದಾವತ್ ಅಂತಾರ, ಆಮ್ಯಾಲೆ ನಾನೂ ಅದಾ ಕಡೆ ಹೊಂಟೀನಿ ಅಂತ ಗಾಡಿ ಹತ್ತತಾರ."

ಮಾನ್ವಿಯಿಂದ ದಾಲ್ಚಾ ಹಾಗೆಯೇ ವಾಪಸ್ ಬಂತು. ನಾವು ಮೂರು ದಿನ ಅದನ್ನೇ ಕುಡಿದೆವು. ಮೂರನೆಯ ದಿನ ರಂಜಾನಬಿ ಮುಮಾನಿ, ಅಂದರೆ ಮಾಮುವಿನ ಹೆಂಡತಿ, ಸೌಟು ಕೆಳಗಿಟ್ಟು ತೀರ್ಪು ಕೊಟ್ಟರು.

"ನೋಡ್ರಿ, ಇನ್ನೊಂದ್ ಸಲ ದಾರಿ ತಪ್ಪಿದ್ರ ಗಾಡಿ ಕೀಲಿಕೈ ನಮ್ಮ ಸಮೀಉಲ್ಲಾನ ಕೈಯಾಗ ಕೊಡ್ತೀನಿ. ನೀವು ಒಲಿ ಮುಂದ ಕುಂದರ್ರಿ, ಅವ ಊಟ ಮುಟ್ಟಸ್ತಾನ."

ಸಮೀಉಲ್ಲಾ ಮುಮಾನಿಯ ತಮ್ಮ. ಅವನಿಗೆ ದಾರಿ ತಪ್ಪುವುದಿಲ್ಲ, ಮಾತೂ ನಿಲ್ಲುವುದಿಲ್ಲ. ಮಾಮುವಿನ ಮುಖ ಇಳಿಯಿತು. ಬೆಳಗಿನ ಜಾವದಿಂದ ಕಟ್ಟಿಗೆಯ ಹೊಗೆ ಕುಡಿಯುವ ಮನುಷ್ಯನಿಗೆ ಸ್ಟೇರಿಂಗ್ ಹಿಡಿದು ಕಿಟಕಿಯಲ್ಲಿ ಮೊಣಕೈ ಇಟ್ಟು ಹೋಗುವ ಆ ಒಂದು ತಾಸೇ ಸುಖ. ಅದನ್ನು ಸಮೀಉಲ್ಲಾನಿಗೆ ಬರೆದುಕೊಡುವುದೆಂದರೆ ಸಣ್ಣ ಮಾತಲ್ಲ. ಅದೇ ವಾರ ಜಾಲಹಳ್ಳಿಯ ಅಲ್ಲಾಉದ್ದೀನ್ ಸಾಹೇಬರ ಹೊಸ ಮನೆಯ ದಾವತ್ತಿಗೆ ಆರ್ಡರ್ ಬಂದಿತ್ತು. ಅವರು ಭತ್ತದ ದೊಡ್ಡ ವ್ಯಾಪಾರಿ. ಅವರ ಪಂಕ್ತಿಯಲ್ಲಿ ಕೂತು ಉಂಡು ಹೋಗುವವರೆಲ್ಲ ನಾಳೆ ತಾವೂ ದಾವತ್ ಮಾಡುವಂಥವರು.

"ಸೂಫಿ, ನಡಿ," ಅಂದರು ಮಾಮು ನನಗೆ. "ಮಷೀನ್ ತರೋಣು."

ನಾನು ಮಾಮುವಿನ ತಂಗಿಯ ಮಗಳು ಸೂಫಿಯಾ. ಬಿ.ಕಾಂ. ಎರಡನೇ ವರ್ಷ. ಮನೆಯಲ್ಲಿ ಮಷೀನು, ಫಾರಂ, ರೀಚಾರ್ಜು ಎಂದು ಏನೇ ಬಂದರೂ ನನ್ನ ಹೆಸರು ಬರುತ್ತದೆ.

"ಫೋನಿನಾಗ ಮ್ಯಾಪ್ ಅದಲ್ಲ ಮಾಮು."

"ಆ ಮ್ಯಾಪ್ ನೋಡಾಕ ಬಿಡ್ತಾರೇನು? ಎಡಕ್ಕೋ ಬಲಕ್ಕೋ ಅನ್ನೂದ್ರಾಗ 'ಎಲ್ಲಿದೀರಿ' ಅಂತ ಫೋನ್ ಬರ್ತದ. ಎತ್ತಿ 'ಬಂದ್ವಿ' ಅನ್ನೂದ್ರಾಗ ದಾರಿ ಹಿಂದ ಉಳೀತದ. ಊಟ ಲೇಟ್ ಆದಷ್ಟೂ ಫೋನ್ ಜಾಸ್ತಿ, ಫೋನ್ ಬಂದಷ್ಟೂ ಊಟ ಲೇಟು."

ನಾನು ಚಪ್ಪಲಿ ಮೆಟ್ಟಿ ಹೊರಟೆ.

ತೀನ್ ಕಂದೀಲ್ ಹತ್ತಿರ ಪರ್ವೇಜನ ಎಲೆಕ್ಟ್ರಾನಿಕ್ಸ್ ಅಂಗಡಿ. ಮಾಮು ಬೇಡಿಕೆ ಹೇಳಿದ ಕೂಡಲೇ ಅವನು ಸ್ಟೂಲ್ ಹತ್ತಿ, ಅಟ್ಟದಿಂದ ಎರಡು ಡಬ್ಬಿ ಇಳಿಸಿ, ಬನಿಯನ್ ತುಂಡಿನಿಂದ ದೂಳು ಒರೆಸಿದ.

"ಚಾಚಾ, ನಿಮಗ ಗಾಡಿ ಓಡ್ಸಾಕ ಬೇಕೋ, ಔಟ್‌ಡೋರ್ ರಿಕ್ರಿಯೇಶನ್‌ಗೆ ಬೇಕೋ?"

"ಅದೇನ್ಲೇ ಅದು ಎರಡನೇದು?"

"ಗುಡ್ಡ ಹತ್ತೂದು, ಅಡವಿ ತಿರಗೂದು, ಹೊಳ್ಯಾಗ ಮೀನಕ್ಕ ಗಾಳ ಹಾಕೂದು. ಮಜಾಕ್ಕ ಹೊರಗ ಹೋಗೂದ್ರಿ."

"ರಾಯಚೂರ ಬಿಸಿಲಾಗ ಮಜಾಕ್ಕ ಯಾವನು ಹೊರಗ ಹೋಗ್ತಾನ?"

"ಅದಕ್ಕಾ ಈ ಡಬ್ಬಿ ಇನ್ನೂ ಇಲ್ಲೇ ಅದ," ಅಂದ ಪರ್ವೇಜ.

ಮೊದಲನೆಯದು ಕಾರಿನದು. ಕರಿ ಬಣ್ಣ, ಅಗಲ ಮುಖ, ಗಾಜಿಗೆ ಅಂಟಿಕೊಳ್ಳುತ್ತದೆ, ಹೆಂಗಸಿನ ದನಿಯಲ್ಲಿ ದಾರಿ ಹೇಳುತ್ತದೆ. ಎರಡನೆಯದು ಕೈಯಲ್ಲಿ ಹಿಡಿಯುವುದು. ಹಳದಿ ಬಣ್ಣ, ಪೆನ್ಸಿಲ್ ಸೆಲ್ಲು, ನೀರಿಗೆ ಬಿದ್ದರೂ ಕೆಡುವುದಿಲ್ಲ. ಸಮುದ್ರದಿಂದ ಎಷ್ಟು ಎತ್ತರದಲ್ಲಿದ್ದೀರಿ, ಸೂರ್ಯ ಎಷ್ಟಕ್ಕೆ ಮುಳುಗುತ್ತಾನೆ, ಮೀನು ಎಷ್ಟು ಹೊತ್ತಿಗೆ ಗಾಳ ಕಚ್ಚುತ್ತದೆ ಎಲ್ಲ ಹೇಳುತ್ತದೆ. ದಾರಿ ಮಾತ್ರ ಹೇಳುವುದಿಲ್ಲ. ಹೋಗಬೇಕಾದ ಜಾಗದ ಕಡೆಗೆ ಒಂದು ಬಾಣ ತೋರಿಸಿ, ಇನ್ನೆಷ್ಟು ದೂರ ಎಂದು ಬರೆದು ಸುಮ್ಮನಾಗುತ್ತದೆ.

ಕಾರಿನದನ್ನು ಚಾಲೂ ಮಾಡಿದರೆ ಅದು ಅಂಗಡಿಯಲ್ಲೇ ಇಂಗ್ಲಿಷಿನಲ್ಲಿ ಹಿಂದೆ ತಿರುಗಿ ಎಂದಿತು.

"ಇನ್ನೂ ಹೊಂಟಾ ಇಲ್ಲ, ಆಗಲೇ ತಪ್ಪು ಹಿಡ್ದಾಳ," ಅಂದರು ಮಾಮು. "ಇಂಥಾಕಿ ಮನ್ಯಾಗೊಬ್ಬಾಕಿ ಅದಾಳ."

ಕೊನೆಗೆ ಅವರು ರೇಷ್ಮೆ ಸೀರೆ ಅಂಗಡಿಯಲ್ಲಿ ಮಾಡುವುದನ್ನೇ ಇಲ್ಲಿಯೂ ಮಾಡಿದರು. "ಎರಡೂ ಮನಿಗೆ ಒಯ್ತೀನಿ. ಹೆಣ್ಮಕ್ಕಳು ಪಸಂದ್ ಮಾಡಿದ್ದು ಇಟ್ಕೊಂಡು ಇನ್ನೊಂದು ವಾಪಸ್ ತಂದು ಕೊಡ್ತೀನಿ." ಪರ್ವೇಜ ಈ ಪದ್ಧತಿಯಲ್ಲೇ ಬೆಳೆದವನಾದ್ದರಿಂದ ಇಲ್ಲ ಎನ್ನಲಾರದೆ ಕಟ್ಟಿಕೊಟ್ಟ.

ಮನೆಯಲ್ಲಿ ಚಾಪೆ ಹಾಸಿ ಎರಡನ್ನೂ ಇಟ್ಟೆವು. ಪಕ್ಕದ ಮನೆಯ ಪಾರ್ವತೆಮ್ಮ ಹಿಟ್ಟಿನ ಕೈಯಲ್ಲೇ ಬಂದು ಕೂತರು. ಎಡದ ಮನೆಯವರು, ಬಲದ ಮನೆಯವರು, ಇಸ್ತ್ರಿ ಅಂಗಡಿಯವ, ಎಲ್ಲ ಸೇರಿದರು.

"ಹಳದಿ ಚಂದದ ಬಿಡ್ರಿ," ಅಂದರು ಪಾರ್ವತೆಮ್ಮ. "ಕರೇದು ಶುಭಕಾರ್ಯಕ್ಕ ಹೋಗೂ ಗಾಡ್ಯಾಗ ಬ್ಯಾಡ."

"ರೇಡಿಯೊ ಬರ್ತದೇನು?" ಅಂದ ಇಸ್ತ್ರಿಯವ.

"ಮೀನ ಕಚ್ಚೂ ಟೈಮ್ ಬರ್ತದ," ಅಂದರು ಮಾಮು ಗಂಭೀರವಾಗಿ.

ಮುಮಾನಿ ಎದ್ದು, ಪಾತ್ರೆ ತೊಳೆಯುವ ಬುಟ್ಟಿಗೆ ನೀರು ಬಿಟ್ಟು, "ನೀರಾಗ ಬಿದ್ರೂ ಕೆಡಂಗಿಲ್ಲ ಅಂದ್ನಂತಲ್ಲ ಪರ್ವೇಜ, ನೋಡೇಬಿಡೂಣು" ಎಂದು ಒಂದನ್ನು ಮುಳುಗಿಸಿದರು. ಅದು ಕರಿಯದು.

ಒಳಗಿನ ಹೆಂಗಸು ಏನೋ ಹೇಳಲು ಹೊರಟು ಗುಳುಗುಳು ಎಂದಳು. ತೆಗೆದು ಎರಡು ದಿನ ಅಕ್ಕಿ ಚೀಲದಲ್ಲಿ ಹೂತಿಟ್ಟೆವು. ಪರದೆ ಬದುಕಿತು, ದನಿ ಮಾತ್ರ ಬರಲಿಲ್ಲ. ಮಾಮುವಿಗೆ ಆಗ ಅದೇ ಬೇಕೆನಿಸಿತು. "ಈಗ ಭಾಳ ಛಲೋ ಆಗ್ಯದ" ಎಂದು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಆದರೆ ಅದರಲ್ಲಿ ದೊಡ್ಡ ರಸ್ತೆಗಳಷ್ಟೇ ಇದ್ದವು. ದೇವದುರ್ಗದ ಆಚೆ ಅದರ ಪ್ರಕಾರ ಭೂಮಿಯೇ ಖಾಲಿ. ಹೀಗೆ ಹಳದಿಯದು ನಮ್ಮ ಮನೆಯದಾಯಿತು. ಕರಿಯದನ್ನೂ ಪರ್ವೇಜ ವಾಪಸ್ ತೆಗೆದುಕೊಳ್ಳಲಿಲ್ಲ. ಅದರ ಬೆಲೆಗೆ ಬದಲಾಗಿ ಅವನ ಮಗಳ ಹುಟ್ಟುಹಬ್ಬಕ್ಕೆ ಮಾಮು ಒಂದು ದೇಗು ಬಿರಿಯಾನಿ ಮಾಡಿಕೊಡುವುದೆಂದು ಮಾತಾಯಿತು.

ಮರುದಿನ ಸಂಜೆ ಮಾಮು ಮಾಳಿಗೆ ಹತ್ತಿ, ಮಷೀನನ್ನು ತಲೆಯ ಮೇಲೆತ್ತಿ ನಿಂತರು.

"ವಹೀದಣ್ಣಾ, ಡಿಶ್ ಕೆಟ್ಟದೇನ್ರಿ?" ಪಾರ್ವತೆಮ್ಮ ತಮ್ಮ ಮಾಳಿಗೆಯಿಂದ ಕೇಳಿದರು.

"ಇಲ್ಲ ತಂಗಿ, ಉಪಗ್ರಹ ಹಿಡ್ಯಾಕತ್ತೀನಿ. ಐದು ಸಿಕ್ಕಾವ."

"ಹಿಡ್ದು ಏನ್ ಮಾಡ್ತೀರಿ?"

"ಜಾಲಹಳ್ಳಿಗೆ ಹೋಗ್ತೀನಿ."

ಪಾರ್ವತೆಮ್ಮ ತಾವೂ ಒಮ್ಮೆ ಮೇಲೆ ನೋಡಿ, "ಬಸ್ ಅದಾವಲ್ರಿ" ಅಂದರು.

ಆಮೇಲೆ ಪರೀಕ್ಷೆ. ಮನೆಯ ಜಾಗವನ್ನು ಮಷೀನಿನಲ್ಲಿ ಗುರುತು ಹಾಕಿ, ಗಾಡಿಯಲ್ಲಿ ಗಿಲ್ಲೆಸುಗೂರಿನವರೆಗೆ ಹೋಗಿ, ಬಾಣ ಹಿಡಿದು ವಾಪಸ್ ಬಂದರು. ಓಣಿಯ ತುದಿಗೆ ಗಾಡಿ ನಿಲ್ಲಿಸಿ ಉಳಿದದ್ದನ್ನು ನಡೆದು ಮುಗಿಸಬೇಕೆಂದು ಇಳಿದರು. ಬಾಣಕ್ಕೆ ಓಣಿ, ಗೋಡೆ, ಸಂಸಾರ ಯಾವುದೂ ಕಾಣಿಸುವುದಿಲ್ಲವಲ್ಲ, ಅದು ನೆಟ್ಟಗೆ ತೋರಿಸಿತು. ಮಾಮು ಕಣ್ಣು ಮೇಲೆತ್ತದೆ ನೆಟ್ಟಗೆ ನಡೆದರು. ಪಾರ್ವತೆಮ್ಮನ ಅಂಗಳ ದಾಟಿ, ಪಡಸಾಲೆ ದಾಟಿ, ಅಡುಗೆಮನೆಗೆ ಬಂದಾಗ ಅವರು ರೊಟ್ಟಿ ಬಡಿಯುತ್ತಿದ್ದರು.

"ಬರ್ರಿ ಅಣ್ಣಾ, ಕೂಡ್ರಿ. ಬಿಸಿ ರೊಟ್ಟಿ ಅದ."

"ಇಲ್ಲವಾ, ಮನಿಗೆ ಹೊಂಟೀನಿ," ಎಂದು ಮಾಮು ಹಿತ್ತಿಲ ಬಾಗಿಲಿನಿಂದ ಹೊರಬಿದ್ದರು. ಅಲ್ಲಿ ನಮ್ಮ ಮನೆ ಸಿಕ್ಕಿತು. ಮಾಮು ಅದನ್ನು ಸಂಪೂರ್ಣ ಯಶಸ್ಸು ಎಂದು ಘೋಷಿಸಿದರು.

ಇನ್ನು ಜಾಲಹಳ್ಳಿಯ ವಿಳಾಸ. ಅಲ್ಲಾಉದ್ದೀನ್ ಸಾಹೇಬರ ಹೊಸ ಮನೆ ಊರ ಹೊರಗೆ, ಹೊಸ ಪ್ಲಾಟುಗಳ ನಡುವೆ, ಯಾರೂ ನೋಡಿದ್ದಿಲ್ಲ. ಅದಕ್ಕೇ ಅವರು ದಾವತ್ತಿನ ಕಾರ್ಡಿನ ಜೊತೆ ಎಲ್ಲರ ಫೋನಿಗೂ ಲೊಕೇಶನ್ ಕಳಿಸಿದ್ದರು. "ಊರವರಿಗೆ ರಾತ್ರಿ ಊಟ, ಹೊರಗಿನವರಿಗೆ ಮಧ್ಯಾಹ್ನ. ಲೊಕೇಶನ್ ಹಾಕೀನಿ, ಸೀದಾ ಬರ್ರಿ." ಆ ಲೊಕೇಶನ್ನಿನ ಅಂಕಿಗಳನ್ನು ನಾನು ಒಂದೊಂದಾಗಿ ಹಳದಿ ಮಷೀನಿಗೆ ಒತ್ತಿ, ಎರಡು ಸಲ ತಾಳೆ ನೋಡಿದೆ. ಅಂಕಿಗಳಲ್ಲಿ ತಪ್ಪಿರಲಿಲ್ಲ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ದಾವತ್ತಿನ ದಿನ ಬೆಳಿಗ್ಗೆ ದೇಗುಗಳಿಗೆ ಹಿಟ್ಟು ಮೆತ್ತಿ ದಮ್ ಕಟ್ಟಿ, ಗೋಣಿಚೀಲ ಸುತ್ತಿ ಗಾಡಿಗೆ ಏರಿಸಿದೆವು. ಬಡಿಸುವ ಹುಡುಗರು ಹಿಂದೆ ಕೂತರು. ಮುಮಾನಿ ಬಾಗಿಲಲ್ಲಿ ನಿಂತು ಮಾಮುವಿಗೆ ದುವಾ ಮಾಡಿ, ಸಮೀಉಲ್ಲಾನಿಗೆ ಫೋನ್ ಮಾಡಿ "ಸಂಜಿಕ್ಕ ಮನ್ಯಾಗಿರು" ಎಂದರು. ಎರಡೂ ಒಂದೇ ಉಸಿರಿನಲ್ಲಿ.

ಗಬ್ಬೂರು ದಾಟಿ ದೇವದುರ್ಗದವರೆಗೆ ಬಾಣವೂ ರಸ್ತೆಯೂ ಒಂದೇ ಮಾತು ಹೇಳಿದವು. ಮಾಮು ಮಹಾಸಂತೋಷದಲ್ಲಿದ್ದರು. ದೇವದುರ್ಗ ದಾಟಿ ಸ್ವಲ್ಪ ದೂರ ಹೋದ ಮೇಲೆ ಬಾಣ ಎಡಕ್ಕೆ ವಾಲಿತು. ಎಡಕ್ಕೆ ಕಾಲುವೆಯ ಏರಿ ಮೇಲಿನ ಮಣ್ಣಿನ ದಾರಿ. ನೇರಕ್ಕೆ ಡಾಂಬರು, ಅದರ ಪಕ್ಕ ಒಂದು ಬೋರ್ಡು.

"ಮಾಮು, ಜಾಲಹಳ್ಳಿ ನೇರಕ್ಕ ಅಂತ ಬರ್ದಾರ."

"ಬೋರ್ಡು ನೆಲದಾಗ ನಿಂತದ ಬೇಟಾ. ಇದು ಮ್ಯಾಲಿಂದ ನೋಡ್ತದ. ಯಾರಿಗೆ ಜಾಸ್ತಿ ಕಾಣ್ತದ ನೀನಾ ಹೇಳು."

ಏರಿಯ ಮೇಲೆ ಗಾಡಿ ಹೊರಳಿತು. ಎರಡೂ ಕಡೆ ಭತ್ತದ ಗದ್ದೆ. ಒಂದು ಗಾಡಿಯಷ್ಟೇ ಅಗಲದ ದಾರಿ. ಫೋನಿನ ಸಿಗ್ನಲ್ ಒಂದೊಂದೇ ಗೆರೆ ಬಿಟ್ಟು ಹೋಯಿತು. ಕೊನೆಗೆ ಮಷೀನು ಕುಯ್ಯೆಂದು ಕೂಗಿ, ದೂರ ಸೊನ್ನೆ ಎಂದು ತೋರಿಸಿತು. ಅಂದರೆ ಅಲ್ಲಾಉದ್ದೀನ್ ಸಾಹೇಬರ ಹೊಸ ಮನೆಯ ಹೊಸ್ತಿಲಲ್ಲಿ ನಾವಿದ್ದೆವು. ಎದುರಿಗೆ ಒಂದು ಎಮ್ಮೆ ಮೆಲುಕು ಹಾಕುತ್ತಿತ್ತು.

ಅದು ಒಂದು ದೊಡ್ಡಿ. ನಮ್ಮ ಕಡೆ ಹೊಲದಲ್ಲೇ ನಾಲ್ಕಾರು ಗುಡಿಸಲು, ಕೊಟ್ಟಿಗೆ ಹಾಕಿಕೊಂಡು ಇರುವ ಜಾಗಕ್ಕೆ ಹಾಗನ್ನುತ್ತಾರೆ. ತಗಡಿನ ಉದ್ದನೆಯ ಕೊಟ್ಟಿಗೆಯಿಂದ ಸೆರಗು ಸೊಂಟಕ್ಕೆ ಸಿಕ್ಕಿಸಿದ ಹೆಂಗಸೊಬ್ಬರು ಹೊರಬಂದರು.

"ಮೊಸರಿನ ಗಾಡಿ ಏನ್ರಿ? ಎಷ್ಟೊತ್ತಿನಿಂದ ಕಾಯಾಕತ್ತೀನಿ, ಕ್ಯಾನ್ ತುಂಬಿ ಇಟ್ಟೀನಿ."

"ಇಲ್ಲ ಯವ್ವಾ, ಬಿರಿಯಾನಿ ಗಾಡಿ. ಅಲ್ಲಾಉದ್ದೀನ್ ಸಾಹೇಬ್ರ ಮನಿ..."

"ಅವರ ಮನಿ ಇಲ್ಲೆಲ್ಲಿ ಬಂತು? ಜಾಲಹಳ್ಳ್ಯಾಗಲ್ಲೇನು?"

ಮಾಮು ಮಷೀನು ತೋರಿಸಿದರು. ನಾನು ಫೋನು ತೋರಿಸಿದೆ. ಹೆಂಗಸು ಎರಡನ್ನೂ ನೋಡದೆ ಕೊಟ್ಟಿಗೆಯ ಮುಂದಿನ ಹಗ್ಗ ಹೆಣೆದ ಹೊರಸು ತೋರಿಸಿದರು.

"ನಾ ದುರುಗಮ್ಮ. ದಾವತ್ತಿಗೆ ನಮ್ಮಲ್ಲೇ ಮೊಸರು ಹೇಳ್ಯಾರ. ಹೇಳಾಕ ಬಂದಾಗ ಇದಾ ಹೊರಸಿನ ಮ್ಯಾಲೆ ಕುಂತು ಮಜ್ಜಿಗಿ ಕುಡದ್ರು. ಅವಾಗಾ ಫೋನ್ ಒತ್ತಿಕೋಂತ, ದುರುಗವ್ವಾ ಎಲ್ಲಾರಿಗೂ ಲೊಕೇಶನ್ ಕಳಿಸಿಬಿಟ್ಟೆ ಅಂದ್ರು. ಇಲ್ಲಿ ಸಿಗ್ನಲ್ ಇಲ್ರಿ ಅಂದೆ. ಊರ ಮುಟ್ಟಿದ ಮ್ಯಾಲೆ ತಾನಾ ಹೋಗ್ತದ ಬಿಡು ಅಂದ್ರು."

ಮಾಮು ಹೊರಸಿನ ಮೇಲೆ ಕೂತುಬಿಟ್ಟರು. ಮಷೀನು ಹೇಳಿದ್ದು ಅಕ್ಷರಶಃ ಸರಿ. ಸಾಹೇಬರು ಮನೆ ಕಳಿಸುವ ಬದಲು ತಾವು ಕೂತ ಹೊರಸನ್ನು ಕಳಿಸಿದ್ದರು. ಆದರೆ ಇದನ್ನು ಮುಮಾನಿಯ ಮುಂದೆ ಯಾರು ವಾದಿಸುತ್ತಾರೆ?

"ಸೂಫಿ, ಗಾಡಿ ತಿರಗಸ್ತೀನಿ. ಇನ್ನೂ ಟೈಮ್ ಅದ. ಯಾರಿಗೂ ಹೇಳಬ್ಯಾಡ."

ಮಾಮು ಗಾಡಿ ಹತ್ತಿದರು. ಅಷ್ಟರಲ್ಲಿ ಏರಿಯ ಮೇಲೆ ಹಾರ್ನ್ ಕೇಳಿಸಿತು. ಬಿಳಿ ಕಾರೊಂದು ದೂಳೆಬ್ಬಿಸುತ್ತ ಬಂದು ನಮ್ಮೆದುರೇ ನಿಂತಿತು. ಗಾಜು ಇಳಿಯಿತು. ಅತ್ತರಿನ ವಾಸನೆ ಮೊದಲು ಬಂತು, ಮಾನ್ವಿಯ ಅಕ್ಕಿ ಗಿರಣಿಯ ಮಾಲಕರು ಆಮೇಲೆ ಇಳಿದರು. ಅವರ ಹಿಂದೆ ಅವರ ಮನೆಯವರು, ಬೀಗರು, ಮಕ್ಕಳು.

"ಸಲಾಮ್ ವಹೀದ್ ಭಾಯ್. ಫೋನು ಇಲ್ಲಿ ಎಡಕ್ಕ ಅಂದಾಗ ನನಗ ಡೌಟ್ ಬಂದಿತ್ತು. ನಿಮ್ಮ ದೇಗು ನೋಡಿದ ಮ್ಯಾಲೆ ಜೀವ ಬಂತು. ದೇಗು ಇಲ್ಲಿ ಅದಾವ ಅಂದ ಮ್ಯಾಲೆ ಮನಿ ಇಲ್ಲೇ."

ಅವರ ಹಿಂದೆ ಇನ್ನೊಂದು ಕಾರು. ಅದರ ಹಿಂದೆ ಟೆಂಪೊ. ಅದರ ಹಿಂದೆ ತೆಲಂಗಾಣದ ನಂಬರಿನ ದೊಡ್ಡ ಗಾಡಿ. ಎಲ್ಲರೂ ಒಂದೇ ಲೊಕೇಶನ್ ಹಿಡಿದು ಬಂದವರು. ಒಂದೇ ಗಾಡಿಯ ಅಗಲದ ಏರಿ ಕಾಣುವಷ್ಟು ದೂರ ತುಂಬಿಕೊಂಡಿತು. ನಮ್ಮ ಗಾಡಿ ಈಗ ಹೊರಡಬೇಕೆಂದರೆ ಕಾಲುವೆಯಲ್ಲಿ ತೇಲಿಸಿಕೊಂಡೇ ಹೋಗಬೇಕು.

ರೇಷ್ಮೆ ಬುರ್ಖಾಗಳು, ಶೆರವಾನಿಗಳು, ಹೊಸ ಬೂಟುಗಳು ಸಗಣಿ ತಪ್ಪಿಸಿಕೊಂಡು ಕೊಟ್ಟಿಗೆಯ ಕಡೆ ನಡೆದವು. ಭತ್ತದ ವ್ಯಾಪಾರಿಗಳ ಮರ್ಯಾದೆ ದೊಡ್ಡದು. ಒಬ್ಬರೂ ಇದೇನು ಎಂದು ಕೇಳಲಿಲ್ಲ. ಹೊಸ ಮನೆಗೆ ಬಂದವರು ಮನೆಯನ್ನು ಹೊಗಳಬೇಕು, ಹೊಗಳಿದರು.

"ಗಾಳಿ ಛಲೋ ಅದ."

"ನಾಕೂ ಕಡಿಂದ ಬರ್ತದ. ಗೋಡಿನಾ ಇಲ್ಲಲ್ಲ."

"ಈಗ ಇದಾ ಫ್ಯಾಶನ್. ಓಪನ್ ಹಾಲ್ ಅಂತಾರ."

ಬಂದವರಲ್ಲಿ ಬಸವಪ್ರಸಾದ ಅವರು ನೀರಾವರಿ ಕಡೆಯ ಇಂಜಿನಿಯರ್. ಮಾಮು ಅವರಿಗಾಗಿ ಬೇರೆ ಪಾತ್ರೆಯಲ್ಲಿ ಕಾಯಿಪಲ್ಯದ ಪಲಾವು ತಂದಿದ್ದರು. ಅವರು ತಗಡನ್ನು ಬಡಿದು ನೋಡಿದರು, ಕಂಬ ಅಲ್ಲಾಡಿಸಿ ನೋಡಿದರು, ಗೋದಲಿಯ ಆಳ ನೋಡಿದರು.

ಮಾಮು ಇನ್ನು ಸತ್ಯ ಹೇಳಿಬಿಡಬೇಕೆಂದು ಅವರ ಹತ್ತಿರ ಹೋದರು. "ಸರ್, ಇದು ಅವರ ಮನಿ ಅಲ್ರಿ. ಎಮ್ಮಿ ಕೊಟ್ಟಗಿ."

ಬಸವಪ್ರಸಾದ ಅವರು ಮಾಮುವಿನ ಹೆಗಲ ಮೇಲೆ ಕೈ ಇಟ್ಟರು. "ಹಂಗನ್ನಬಾರದ್ರಿ. ಮನಿ ಕಟ್ಟಿಸೂ ಕಷ್ಟ ನನಗ ಗೊತ್ತದ. ಈಗ ಪಿಲ್ಲರ್ ಎದ್ದಾವ, ಛತ್ತ ಬಂದದ. ಉಳದದ್ದು ಸಾವಕಾಶ ಆಗ್ತದ."

ಅಷ್ಟರಲ್ಲಿ ಪಕ್ಕದ ಹೊಲದಿಂದ ಸನಿಕೆ ಹಿಡಿದು ಒಬ್ಬರು ಓಡಿ ಬಂದರು. ಅವರು ವೆಂಕೋಬ, ದುರುಗಮ್ಮನ ಮೈದುನ. ಅತ್ತಿಗೆಯ ಕೊಟ್ಟಿಗೆಯಲ್ಲಿ ಪೇಟೆಯ ಜನ ಕಂಬ ಅಲ್ಲಾಡಿಸುತ್ತಿರುವುದನ್ನೂ, ಹಳದಿ ಮಷೀನು ಹಿಡಿದ ಮಾಮುವನ್ನೂ ಕಂಡು ಅವರಿಗೆ ಎಲ್ಲ ಅರ್ಥವಾಗಿತ್ತು.

"ವೈನಿ, ಹೊಲ ಮಾರಿದ್ಯಾ? ನನಗೊಂದು ಮಾತು ಹೇಳ್ದಂಗ? ಅಳತಿ ಮಾಡಾಕೂ ಬಂದಾರಲ್ಲ."

"ನಾ ಎಲ್ಲಿ ಮಾರೀನಿ? ದಾರಿ ತಪ್ಪಿ ಬಂದಾರ."

"ದಾರಿ ತಪ್ಪಿದ್ರ ಒಬ್ಬರು ತಪ್ಪತಾರ, ಇಬ್ಬರು ತಪ್ಪತಾರ. ಮಾನ್ವಿ, ರಾಯಚೂರು, ತೆಲಂಗಾಣ ಎಲ್ಲಾ ಕೂಡಿ ನಿನ್ನ ಕೊಟ್ಟಗಿಗೇ ತಪ್ಪತಾರೇನು?"

ವೆಂಕೋಬ ಮಾಮುವಿನ ಕಡೆ ತಿರುಗಿದರು. "ಸಾಹೇಬ್ರ, ಇದರಾಗ ನನ್ನ ಪಾಲೂ ಅದ. ನನ್ನ ಕೇಳದ ಅಳದ್ರ ನಡ್ಯಂಗಿಲ್ಲ."

"ನಾ ಅಳಿಯಾಕ ಬಂದಿಲ್ಲಪ್ಪಾ, ಅಡಗಿಯಂವ."

"ಎಲ್ಲಾ ಸರ್ವೇದವರೂ ಮೊದಲ ಹಿಂಗಾ ಅಂತಾರ."

ಈ ಮಾತು ಯಾವ ಕಡೆಗೆ ಹೋಗುತ್ತಿತ್ತೋ, ಗಿರಣಿ ಮಾಲಕರು ಅಡ್ಡ ಬಂದರು. ಸಿಟ್ಟು ಮಾಡಿ ಓಡಾಡುತ್ತಿರುವವನೇ ಮನೆಯ ಹಿರಿಯನೆಂದು ಅವರ ಅನುಭವ. ನಗುನಗುತ್ತ ಬಂದು, ಬಣ್ಣದ ಕಾಗದ ಸುತ್ತಿದ ದೊಡ್ಡ ಗೋಡೆ ಗಡಿಯಾರವನ್ನು ವೆಂಕೋಬರ ಕೈಯಲ್ಲಿಟ್ಟು, ಸನಿಕೆಯನ್ನು ತಾವು ಇಸಿದುಕೊಂಡರು. ಅವರ ಹಿಂದೆ ಇನ್ನೊಬ್ಬರು ಮಿಕ್ಸಿ ಕೊಟ್ಟರು. ಮೂರನೆಯವರು ಶಾಲು ಹೊದಿಸಿದರು. ಮಿಕ್ಸಿ ಬಂದ ಮೇಲೆ ವೆಂಕೋಬರ ದನಿ ಇಳಿಯಿತು. ಶಾಲು ಬಂದ ಮೇಲೆ ಅವರು ತಾವೇ ಮುಂದೆ ನಿಂತು, "ಗಾಡಿ ಈ ಕಡಿ ಹಚ್ರಿ, ಭತ್ತ ತುಳೀಬ್ಯಾಡ್ರಿ, ಬರ್ರಿ ಬರ್ರಿ" ಎನ್ನತೊಡಗಿದರು.

ಈಗ ಮಧ್ಯಾಹ್ನ. ಬಡಿಸುವ ಹುಡುಗರು ಅಭ್ಯಾಸಬಲದಿಂದ ಚಾಪೆ ಹಾಸಿ, ಅದರ ಮೇಲೆ ಊಟದ ಬಟ್ಟೆ, ದಸ್ತರ್‌ಖಾನ್, ಹರಡಿಬಿಟ್ಟಿದ್ದರು. ಜನ ಕೂತೂ ಬಿಟ್ಟಿದ್ದರು. ಒಂದು ಮಗು ಅಳುತ್ತಿತ್ತು. ಮಾಮು ದೇಗಿನ ಮುಂದೆ ನಿಂತು ಬೆವರುತ್ತಿದ್ದರು. ಅವರ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿದೆ: ದಾವತ್ತಿನ ಮಾಲಕ ಬಂದು ಬಿಸ್ಮಿಲ್ಲಾ ಎನ್ನುವ ತನಕ ಮುಚ್ಚಳ ತೆಗೆಯುವಂತಿಲ್ಲ. ಇಲ್ಲಿ ಎಲ್ಲ ಇತ್ತು, ಮಾಲಕ ಇರಲಿಲ್ಲ.

"ಸೂಫಿ, ತಗದ್ರ ಅಲ್ಲಾಉದ್ದೀನ್ ಸಾಹೇಬ್ರು ಜೀವಮಾನ ನನ್ನ ಮುಖ ನೋಡಂಗಿಲ್ಲ. ಅವರ ದಾವತ್ತನ್ನ ಅವರಿಲ್ಲದ ಮುಗಿಸಿದ ಅಂತ ಊರೂರು ಹೇಳ್ತಾರ. ತಗೀಲಿಲ್ಲಂದ್ರ ಅನ್ನ ತಳ ಹಿಡೀತದ, ಇವರೆಲ್ಲಾ ಹಸಿದು ಹೋಗಿ ಊರೂರು ಹೇಳ್ತಾರ. ಯಾವ ಕಡಿ ನೋಡಿದ್ರೂ ಸಮೀಉಲ್ಲಾನಾ ಕಾಣಾಕತ್ತಾನ."

ದುರುಗಮ್ಮ ಮೊಸರಿನ ಕ್ಯಾನು ತಂದು ದೇಗಿನ ಪಕ್ಕ ಇಟ್ಟರು. "ಏನ್ರಿ ಅದು ಗುಸುಗುಸು?"

ಮಾಮು ಹೇಳಿದರು.

"ಮಾಲಕರು ಬರಬೇಕಾ? ಇದು ನನ್ನ ಕೊಟ್ಟಗಿ, ನನ್ನ ಅಂಗಳ. ನನ್ನ ಅಂಗಳದಾಗ ಕೂಸು ಹಸಿದು ಅಳಾಕತ್ತದ. ನಮ್ಮ ಎಮ್ಮಿಗೆ ಹೊಟ್ಟಿ ಹಸದ್ರ ನಾ ಯಾರ ಅಪ್ಪಣೆ ಕೇಳೂದಿಲ್ಲ, ಮುಂದ ಮೇವು ಒಗೀತೀನಿ. ತಗೀರಿ ಅತ್ಲಾಗ."

ಮಾಮು ಅವರ ಮುಖ ನೋಡಿದರು, ಆಕಾಶ ನೋಡಿದರು, "ಬಿಸ್ಮಿಲ್ಲಾ" ಎಂದು ಹಿಟ್ಟು ಒಡೆದು ಮುಚ್ಚಳ ಎತ್ತಿದರು.

ಆ ವಾಸನೆ ಕಾಲುವೆ ದಾಟಿ ಹೋಗಿರಬೇಕು. ಅಕ್ಕಪಕ್ಕದ ದೊಡ್ಡಿಗಳಿಂದಲೂ ಜನ ಬಂದರು, ಶಾಲು ಹೊದ್ದ ವೆಂಕೋಬ ಅವರನ್ನೂ ಕೂರಿಸಿದರು. ಗಟ್ಟಿ ಮೊಸರು ಹಾಕಿ ಅಲ್ಲೇ ಕಲಸಿದ ರಾಯತಾ ಬಂತು. ಬಸವಪ್ರಸಾದ ಅವರು ಪಲಾವನ್ನು ಎರಡನೇ ಸಲ ಹಾಕಿಸಿಕೊಂಡು, ಇಂಥ ಗಾಳಿಯಲ್ಲಿ ತಾವು ಯಾವ ಮನೆಯಲ್ಲೂ ಉಂಡಿಲ್ಲ ಎಂದರು. ಗಿರಣಿ ಮಾಲಕರು ಮೂಳೆ ಚೀಪುತ್ತ ಮಾಮುವನ್ನು ಕರೆದರು.

"ವಹೀದ್ ಭಾಯ್, ಬರೂ ತಿಂಗಳ ನಮ್ಮ ಮೊಮ್ಮಗಂದು ಹೆಸರಿಡೂ ಅಖೀಖಾ ಅದ. ನೀವಾ ಬರ್ಬೇಕು. ನೀವಾ ಗಾಡಿ ತರ್ಬೇಕು, ಬ್ಯಾರೆ ಯಾರನ್ನೂ ಕಳಿಸಬ್ಯಾಡ್ರಿ. ಇಂಥಾ ಅಡವ್ಯಾಗ ನಮಗಿಂತ ಮೊದಲ ಬಂದು ನಿಂತಿದ್ರಿ."

ಮಾಮುವಿಗೆ ಸಂತೋಷವಾಗಬೇಕಿತ್ತು. ಆದರೆ ಅವರ ಕಣ್ಣು ಏರಿಯ ಕಡೆಗೇ ಇತ್ತು. ಹೊಸ ಮನೆಯ ಬಾಗಿಲಲ್ಲಿ ಅಲ್ಲಾಉದ್ದೀನ್ ಸಾಹೇಬರು ಒಬ್ಬರೇ ನಿಂತು, ಫೋನು ಹಚ್ಚಿದವರೆಲ್ಲ ವ್ಯಾಪ್ತಿ ಪ್ರದೇಶದ ಹೊರಗೆ ಹೋಗುತ್ತಿರುವುದನ್ನು ಕೇಳುತ್ತಿರುವ ಚಿತ್ರ ನನಗೂ ಕಾಣಿಸುತ್ತಿತ್ತು. ಅವರು ಒಂದು ಮಾತು ಎತ್ತಿದರೆ ಅಖೀಖಾವೂ ಇಲ್ಲ, ಗಾಡಿಯೂ ಇಲ್ಲ.

ಎರಡನೇ ಪಂಕ್ತಿ ಏಳುವ ಹೊತ್ತಿಗೆ, ನಿಂತ ಕಾರುಗಳ ಸಂದಿಯಲ್ಲಿ ಒಂದು ಮೋಟಾರ್ ಸೈಕಲ್ ನುಸುಳಿ ಬಂತು. ಹೊಸ ಶೆರವಾನಿಯ ಮೇಲೆ ಏರಿಯ ಕೆಂಪು ದೂಳು, ಹಿಂದೆ ಕಟ್ಟಿದ ಎರಡು ಖಾಲಿ ಕ್ಯಾನು. ಊಟ ಬಂದಿಲ್ಲ, ಜನ ಬಂದಿಲ್ಲ, ಕೊನೆಯ ಪಕ್ಷ ಮೊಸರನ್ನಾದರೂ ತರೋಣ ಎಂದು ಹೊರಟವರು.

"ದುರುಗವ್ವಾ," ಎಂದು ಅವರು ಇಳಿಯುವ ಮೊದಲೇ ಕೂಗಿದರು, "ಮೊಸರು ಯಾಕ..."

ಅಲ್ಲಿಗೆ ನಿಂತರು. ಅವರ ಕಾರ್ಡು ಸಿಕ್ಕವರೆಲ್ಲ ಎಮ್ಮೆಗಳ ನಡುವೆ ಸಾಲಾಗಿ ಕೂತು ಉಣ್ಣುತ್ತಿದ್ದರು.

"ಅರೆ ಬರ್ರಿ, ಬರ್ರಿ ಸಾಹೇಬ್ರ," ಎಂದು ಗಿರಣಿ ಮಾಲಕರು ಕೂತಲ್ಲಿಂದಲೇ ಕೈ ಎತ್ತಿದರು. "ಎಲ್ಲಿ ಹೋಗಿದ್ರಿ? ಮನಿ ಭಾಳ ಪಸಂದ್ ಬಂತು. ನಿಮ್ಮ ಕಾಕಾರು ನಮ್ಮನ್ನ ಛಲೋ ನೋಡ್ಕೊಂಡ್ರು."

ಕಾಕಾ ಆಗಿದ್ದ ವೆಂಕೋಬ ಶಾಲು ಸರಿಮಾಡಿಕೊಂಡರು.

ಅಲ್ಲಾಉದ್ದೀನ್ ಸಾಹೇಬರು ಕೊಟ್ಟಿಗೆ ನೋಡಿದರು. ಹೊರಸು ನೋಡಿದರು. ಹೊರಸಿನ ಮೇಲೆ ಅವರ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಜೇಬಿನಿಂದ ಫೋನು ತೆಗೆದು, ಬೆರಳಿನಿಂದ ಹಿಂದಕ್ಕೆ ಹಿಂದಕ್ಕೆ ಸರಿಸಿ, ಏನನ್ನೋ ಓದಿದರು. ಕಿವಿ ಕೆಂಪಾಯಿತು. ನಾನು ಉಸಿರು ಹಿಡಿದು ನಿಂತೆ. ಮಾಮು ಸೌಟು ಹಿಡಿದು ನಿಂತರು. ಸಾಹೇಬರು ಫೋನನ್ನು ಮೆಲ್ಲಗೆ ಜೇಬಿಗೆ ಇಳಿಸಿ, ಯಾರ ಕಡೆಗೂ ನೋಡದೆ ಹೋಗಿ ಕೈ ತೊಳೆದು, ಚಾಪೆಯ ತುದಿಯಲ್ಲಿ, ಎಮ್ಮೆಯ ಪಕ್ಕದಲ್ಲಿ ಖಾಲಿ ಇದ್ದ ಒಂದೇ ಜಾಗದಲ್ಲಿ ಕೂತರು.

ಮಾಮು ತಾವೇ ಹೋಗಿ ತಟ್ಟೆ ಇಟ್ಟು, ದೇಗಿನ ನಡುಭಾಗದಿಂದ ಒಳ್ಳೆಯ ತುಂಡು ನೋಡಿ ಬಡಿಸಿ, ಬಹಳ ಮರ್ಯಾದೆಯಿಂದ ಬಗ್ಗಿ ಕೇಳಿದರು:

"ಭಾಳ ತಡ ಆತಲ್ರಿ ಸಾಹೇಬ್ರ. ದಾರಿ ಸಿಗಲಿಲ್ಲೇನು?"